ಕೂಸಿಗೆ ಕುರ್ಚಿ ಸಾಕೆ?

ಬೆಂಗಳೂರಿನ ಪಶ್ಚಿಮ ಭಾಗದ ಕೂಲಿಕಾರರ ವಠಾರಗಳಲ್ಲಿ, ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಸುತ್ತಲಿಂದ ಹಿಡಿದು ವಿಜಯನಗರ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಕೆಂಗೇರಿಯವರೆಗೆ, ಎಳೆಗೂಸು ಇರುವ ಮನೆಗಳಲ್ಲಿ ಈಗ ಒಂದು ಪ್ರಶ್ನೆ ಕೇಳಿಬರುತ್ತಿದೆ. ಮಗುವಿಗೆ ಆ ಆಟದ ಕುರ್ಚಿಯನ್ನು ಕೊಳ್ಳುವುದೆ, ಬೇಡವೆ?

ನೋಡದವರಿಗಾಗಿ ಹೇಳುತ್ತೇವೆ. ಅದೊಂದು ದುಂಡನೆಯ ಪ್ಲಾಸ್ಟಿಕ್ ಚೌಕಟ್ಟು. ನಡುವೆ ಬಟ್ಟೆಯ ಆಸನ ನೇತುಹಾಕಿರುತ್ತದೆ; ಅದರ ಎರಡು ತೂತುಗಳಲ್ಲಿ ಮಗುವಿನ ಕಾಲು ಇಳಿಬಿಡಬೇಕು. ಸುತ್ತಲೂ ಗಿಲಕಿ, ಬಳೆ, ಕನ್ನಡಿ, ಒತ್ತಿದರೆ ಹಾಡುವ ಗುಂಡಿ. ಚಕ್ರವಿಲ್ಲ. ಮಗು ಅದರೊಳಗೇ ಕುಣಿಯುತ್ತದೆ, ತಿರುಗುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಅಂಗಡಿಯವರು ಇದಕ್ಕೆ ಆಕ್ಟಿವಿಟಿ ಸೀಟ್ ಎನ್ನುತ್ತಾರೆ. ನಾಲ್ಕೈದು ಸಾವಿರ ರೂಪಾಯಿಗೂ ಸಿಗುತ್ತದೆ, ಹತ್ತು ಸಾವಿರ ದಾಟಿದ್ದೂ ಇದೆ. ಕೈಯಲ್ಲಿ ಹಣವಿಲ್ಲದಿದ್ದರೆ ಕಂತಿನ ಮೇಲೆ ಕೊಡುತ್ತಾರೆ.

ಅಕ್ಕಿ, ಬೇಳೆ, ಮನೆಬಾಡಿಗೆಯ ಮಾತು ಬಿಟ್ಟು ಈ ಪತ್ರಿಕೆಗೆ ಕೂಸಿನ ಕುರ್ಚಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳ ಒಂದು ವಾರದ ದುಡಿಮೆಯನ್ನು ನುಂಗುವ ವಸ್ತು ಯಾವುದೇ ಇರಲಿ, ಅದು ನಮ್ಮ ಗೊಡವೆಯೇ. ಅಷ್ಟೇ ಅಲ್ಲ, ಈ ಕುರ್ಚಿಯ ಪ್ರಶ್ನೆಯ ಬೆನ್ನಿಗೆ ಇನ್ನೊಂದು ದೊಡ್ಡ ಪ್ರಶ್ನೆ ಅಡಗಿ ಕುಳಿತಿದೆ. ಅದನ್ನು ಹೊರಗೆಳೆಯುವುದೇ ಈ ಲೇಖನದ ಉದ್ದೇಶ.

ಮೊದಲು ಕುರ್ಚಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಇದಕ್ಕಿಂತ ಮೊದಲು ಬಂದದ್ದು ಚಕ್ರದ ವಾಕರ್. ಅದು ಇಂದಿಗೂ ನಮ್ಮ ಅಂಗಡಿಗಳ ಮುಂದೆ ಬಣ್ಣಬಣ್ಣವಾಗಿ ನೇತಾಡುತ್ತಿದೆ. ಅಮೆರಿಕದಲ್ಲಿ 1990ರಿಂದ 2014ರವರೆಗಿನ ಆಸ್ಪತ್ರೆಗಳ ಲೆಕ್ಕ ತೆಗೆದಾಗ, ಹದಿನೈದು ತಿಂಗಳೊಳಗಿನ 2,30,676 ಮಕ್ಕಳು ವಾಕರ್‌ನಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದಿದ್ದರೆಂದು ಅಂದಾಜಾಯಿತು. ನೂರರಲ್ಲಿ ತೊಂಬತ್ತಕ್ಕೆ ಪೆಟ್ಟು ಬಿದ್ದದ್ದು ತಲೆಗೆ ಅಥವಾ ಕುತ್ತಿಗೆಗೆ. ಸುಮಾರು ಮುಕ್ಕಾಲು ಪಾಲು ಮಕ್ಕಳು ಮೆಟ್ಟಿಲಿನಿಂದ ಉರುಳಿದವು. ಕೆನಡಾ ದೇಶ 2004ರ ಏಪ್ರಿಲ್ 7ರಂದು ಈ ವಾಕರ್‌ನ ಮಾರಾಟವನ್ನೇ ನಿಷೇಧಿಸಿತು. ಹಳೆಯದನ್ನು ಮಾರುವುದೂ ಅಲ್ಲಿ ಅಪರಾಧ. ನಮ್ಮ ವಠಾರಗಳಲ್ಲಿ ಕಟಕಟೆಯಿಲ್ಲದ ಮೆಟ್ಟಿಲುಗಳಿವೆ, ಬಾಗಿಲ ಮುಂದೆಯೇ ಮುಚ್ಚಳ ಸರಿದ ನೀರಿನ ಸಂಪುಗಳಿವೆ, ಹೊಸ್ತಿಲಿಂದ ಎರಡು ಮಾರು ದೂರದಲ್ಲಿ ಮೋಟಾರು ಓಡುವ ರಸ್ತೆಯಿದೆ. ಇಂಥಲ್ಲಿ ಕೂಸಿನ ಕಾಲಿಗೆ ಚಕ್ರ ಕಟ್ಟುವುದು ಏನೆಂದು ಓದುಗರೇ ಯೋಚಿಸಲಿ.

ಚಕ್ರವಿಲ್ಲದ ಕುರ್ಚಿ 1990ರ ದಶಕದಲ್ಲಿ ಈ ಅಪಾಯಕ್ಕೆ ಉತ್ತರವಾಗಿ ಬಂತು. ಅಮೆರಿಕದಲ್ಲಿ ವಾಕರ್ ಗಾಯಗಳು 1990ರಲ್ಲಿ 20,650 ಇದ್ದದ್ದು 2003ಕ್ಕೆ 3,201ಕ್ಕೆ ಇಳಿದವು. ತಯಾರಿಕೆಯ ನಿಯಮ ಬಿಗಿಯಾದದ್ದರ ಜೊತೆಗೆ ಇಂಥ ಕುರ್ಚಿಗಳು ಬಂದದ್ದೂ ಅದಕ್ಕೆ ಒಂದು ಕಾರಣವೆಂದು ವೈದ್ಯರು ಎಣಿಸಿದ್ದಾರೆ. ಆದ್ದರಿಂದ ವಾಕರ್ ಮತ್ತು ಕುರ್ಚಿ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಕುರ್ಚಿಯೇ ಮೇಲು. ಇದರಲ್ಲಿ ಸಂಶಯ ಬೇಡ.

ಆದರೆ ಮಾರುವವರು ಇಷ್ಟಕ್ಕೆ ನಿಲ್ಲುತ್ತಾರೆಯೆ? ಮಗು ಬೇಗ ನಡೆಯುತ್ತದೆ, ಕಾಲು ಗಟ್ಟಿಯಾಗುತ್ತದೆ, ಬುದ್ಧಿ ಚುರುಕಾಗುತ್ತದೆ ಎಂದು ಡಂಗುರ ಹೊಡೆಯುತ್ತಾರೆ. ಇದು ಬಡವನ ಆಸೆಯನ್ನು ಬಂಡವಾಳ ಮಾಡಿಕೊಳ್ಳುವ ವ್ಯಾಪಾರ. ತೂಗುವ ಬಟ್ಟೆಯಲ್ಲಿ ನೇತಾಡುವ ಮಗು ತನ್ನ ತೂಕವನ್ನು ತಾನು ಹೊರುವುದಿಲ್ಲ. ಬೀಳುವುದನ್ನೂ ಎದ್ದು ನಿಲ್ಲುವುದನ್ನೂ ಕಲಿಯುವುದಿಲ್ಲ. ನಡಿಗೆ ಹುಟ್ಟುವುದು ನೆಲದ ಮೇಲೆ. ಬೋರಲು ಬಿದ್ದು, ಕತ್ತೆತ್ತಿ, ತೆವಳಿ, ಅಂಬೆಗಾಲಿಟ್ಟು, ಗೋಡೆ ಹಿಡಿದು ಎದ್ದು ನಿಲ್ಲುವ ಕ್ರಮವೊಂದಿದೆ. ಅದನ್ನು ಯಾವ ಕಂಪನಿಯೂ ಡಬ್ಬಿಯಲ್ಲಿಟ್ಟು ಮಾರಲಾರದು. 2002ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಐರ್ಲೆಂಡಿನ ಅಧ್ಯಯನ 190 ಮಕ್ಕಳನ್ನು ಗಮನಿಸಿತು. ವಾಕರ್‌ನಲ್ಲಿ ಒಟ್ಟು ಕಳೆದ ಪ್ರತಿ 24 ಗಂಟೆಗೆ ಮಗು ತಾನಾಗಿ ನಡೆಯುವುದು 3.3 ದಿನ ತಡವಾದದ್ದು ಅಲ್ಲಿ ಕಂಡುಬಂತು. ಇದು ಚಕ್ರದ ವಾಕರ್‌ನ ಲೆಕ್ಕ, ಕುರ್ಚಿಯದಲ್ಲ. ಆದರೂ "ಬೇಗ ನಡೆಯುತ್ತದೆ" ಎಂಬ ಮಾತಿನ ಬೆಲೆ ಎಷ್ಟೆಂದು ಇದರಿಂದ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಸೂತ್ರವೂ ಸರಳವಾಗಿದೆ: ಒಂದು ವರ್ಷದೊಳಗಿನ ಮಗುವನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು, ಇನ್ನೂ ತೆವಳದ ಮಗು ಎಚ್ಚರವಿರುವಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿ ಆಡಬೇಕು.

ಇಷ್ಟೆಲ್ಲ ತಿಳಿದಮೇಲೂ ತಾಯಿ ಕುರ್ಚಿ ಬೇಕೆನ್ನುತ್ತಾಳೆ. ಏಕೆ? ಇಲ್ಲಿ ನಮ್ಮ ಹಿರಿಯರು ಕೆಲವರು ಅವಳ ಮೇಲೆ ಹರಿಹಾಯುತ್ತಾರೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು", "ನಾವೆಲ್ಲ ಕುರ್ಚಿಯಲ್ಲಿ ಬೆಳೆದೆವೆ?" ಎಂದು ಮೂದಲಿಸುತ್ತಾರೆ. ಇಲ್ಲ, ತಾವು ಕುರ್ಚಿಯಲ್ಲಿ ಬೆಳೆಯಲಿಲ್ಲ. ತಾವು ಬೆಳೆದದ್ದು ಅಜ್ಜಿಯ ಮಡಿಲಲ್ಲಿ, ಚಿಕ್ಕಮ್ಮನ ಸೊಂಟದ ಮೇಲೆ, ಜಗಲಿಯ ಮೇಲೆ. ಇಂದು ಆ ಅಜ್ಜಿ ಕುಣಿಗಲಿನಲ್ಲೋ ಮಾಗಡಿಯಲ್ಲೋ ಉಳಿದಿದ್ದಾಳೆ. ಮಗ-ಸೊಸೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಅದೇ ಕೋಣೆಯಲ್ಲಿ ಒಲೆ, ಅದೇ ಕೋಣೆಯಲ್ಲಿ ಹಾಸಿಗೆ, ಅದೇ ಕೋಣೆಯಲ್ಲಿ ಸ್ನಾನಕ್ಕೆ ಕಾಯಿಸಿದ ನೀರಿನ ಬಕೆಟ್ಟು. ತಾಯಿ ಅನ್ನ ಬಸಿಯುವ ಹತ್ತು ನಿಮಿಷ ಕೂಸು ಎಲ್ಲಿರಬೇಕು? ಆ ತಾಯಿ ಕೊಳ್ಳಹೊರಟಿರುವುದು ಪ್ಲಾಸ್ಟಿಕ್ಕನ್ನಲ್ಲ. ತನಗಿಲ್ಲದ ಇನ್ನೊಂದು ಜೊತೆ ಕೈಯನ್ನು. ಇದನ್ನು ಷೋಕಿ ಎನ್ನುವವರಿಗೆ ನಾಚಿಕೆಯಾಗಬೇಕು.

ಗಂಡಸರಾದ ಸಂಗಾತಿಗಳನ್ನೂ ನಾವು ಬಿಡುವುದಿಲ್ಲ. ಸಂಜೆ ಮನೆಗೆ ಬಂದು ಮೊಬೈಲು ಹಿಡಿದು ಗೋಡೆಗೊರಗುವವನು ಆ ಅರ್ಧ ಗಂಟೆ ಕೂಸನ್ನು ಚಾಪೆಯ ಮೇಲೆ ಆಡಿಸಿದರೆ ಅಷ್ಟರಮಟ್ಟಿಗೆ ಕುರ್ಚಿಯ ಅಗತ್ಯ ಕಡಿಮೆಯಾಗುತ್ತದೆ. ಸಮಾನತೆಯ ಭಾಷಣ ಬೀದಿಯಲ್ಲಿ, ಯಜಮಾನಿಕೆ ಮನೆಯಲ್ಲಿ ಎಂದರೆ ಯಾರೂ ನಂಬಲಾರರು.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಕುರ್ಚಿಯ ಡಬ್ಬಿಯ ಮೇಲೆ "ನಾಲ್ಕು ತಿಂಗಳಿಂದ" ಎಂದು ಅಚ್ಚಾಗಿರುವುದನ್ನು ಅನೇಕರು ನೋಡಿರಬಹುದು. ಇದರ ಪಕ್ಕದಲ್ಲಿ ಕಾನೂನಿನ ಲೆಕ್ಕವನ್ನು ಇಟ್ಟು ನೋಡಿ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಅದರಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ತುಂಬು ಬಸುರಿಯಾಗಿ ದಿನವಿಡೀ ಮೆಷಿನ್ನಿನ ಮುಂದೆ ಕೂರಲಾರದವಳು ಹಾಗೆ ತೆಗೆದುಕೊಂಡರೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಎರಡು ಮಕ್ಕಳಿದ್ದು ಮೂರನೆಯದಾದರೆ ಒಟ್ಟು ರಜೆಯೇ 12 ವಾರ. ತಾಯಿ ಕಾರ್ಖಾನೆಯ ಬಾಗಿಲು ಹೊಗುವ ತಿಂಗಳು, ಕೂಸು ಕುರ್ಚಿಗೆ ಇಳಿಯುವ ತಿಂಗಳು, ಎರಡೂ ಒಂದೇ! ಸರ್ಕಾರದ ಅಂಗನವಾಡಿ ಶಾಲೆಯಂತೆ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದಮೇಲೆ. ನಾಲ್ಕು ತಿಂಗಳಿಂದ ಮೂರು ವರ್ಷದವರೆಗೆ ಈ ಕೂಸು ಯಾರದು?

ಉತ್ತರ ಕಾನೂನಿನಲ್ಲಿದೆ. 1948ರ ಕಾರ್ಖಾನೆ ಕಾಯಿದೆ ಹೆಣ್ಣು ಕೆಲಸಗಾರರ ಮಕ್ಕಳಿಗೆ ಶಿಶುಪಾಲನಾ ಕೋಣೆ ಕಡ್ಡಾಯವೆಂದಿತ್ತು. 1976ರ ತಿದ್ದುಪಡಿ ಅದನ್ನು 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗೆಲ್ಲ ಅನ್ವಯಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯ 67ನೆಯ ಕಲಮು 50 ಮಂದಿ ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎನ್ನುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಬೇರೆ. ಇದು ಮಾಲೀಕರ ಧರ್ಮವಲ್ಲ, ದಾನವಲ್ಲ. ಅವರು ತೀರಿಸಬೇಕಾದ ಸಾಲ.

ತೀರುತ್ತಿದೆಯೆ? ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ನಾವು ಕಣ್ಣಾರೆ ಕಂಡ ಶಿಶುಪಾಲನಾ ಕೋಣೆಯಲ್ಲಿ ಮಕ್ಕಳಿರಲಿಲ್ಲ. ಖಾಲಿ ರಟ್ಟಿನ ಪೆಟ್ಟಿಗೆಗಳಿದ್ದವು. ಕೇಳಿದರೆ "ಮಕ್ಕಳನ್ನು ಯಾರೂ ಕರೆತರುವುದಿಲ್ಲ" ಎಂಬ ಉತ್ತರ. ಬೆಳಗಿನ ನೂಕುನುಗ್ಗಲಿನ ಬಸ್ಸಿನಲ್ಲಿ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದು, ಆಯಾ ಇಲ್ಲದ, ನೀರಿಲ್ಲದ ಕೋಣೆಯಲ್ಲಿ ಮಲಗಿಸುವ ಹುಚ್ಚಿ ಯಾವಳಿದ್ದಾಳೆ? ಕೋಣೆಯನ್ನು ಗೋದಾಮು ಮಾಡಿ, ಅನಂತರ ಮಕ್ಕಳು ಬರುವುದಿಲ್ಲವೆಂದು ದೂರುವುದು ಯಾವ ನ್ಯಾಯ? ಬಿನ್ನಿ ಮಿಲ್ಲಿನ ಸೈರನ್ನು ನಿಂತುಹೋಗಿ ಅಲ್ಲೀಗ ವಾಸದ ಮಹಡಿಗಳೆದ್ದಿವೆ. ಆ ಕಾಲದ ಗಿರಣಿ ಕೆಲಸಗಾರರ ಮೊಮ್ಮಕ್ಕಳು ಪೀಣ್ಯದಲ್ಲೂ ಕೆಂಗೇರಿಯಲ್ಲೂ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಿದ್ದಾರೆ. ಹಕ್ಕು ಮಾತ್ರ ಕಾಗದದಲ್ಲೇ ಇದೆ.

ಕಾರ್ಖಾನೆಯೇ ಇಲ್ಲದ ತಾಯಂದಿರ ಗತಿ ಇನ್ನೂ ಕಷ್ಟ. ಮನೆಯಲ್ಲೇ ಊದುಬತ್ತಿ ಹೊಸೆಯುವವರು, ನಾಲ್ಕು ಮನೆಯ ಪಾತ್ರೆ ತೊಳೆಯುವವರು, ಗಂಡನ ಜೊತೆ ತರಕಾರಿ ಗಾಡಿಯಲ್ಲೋ ಗೂಡಂಗಡಿಯಲ್ಲೋ ನಿಲ್ಲುವವರು, ಇವರಿಗೆ ಆ 67ನೆಯ ಕಲಮಿನಿಂದ ಕವಡೆಯ ಪ್ರಯೋಜನವಿಲ್ಲ. ಕರ್ನಾಟಕ ಸರ್ಕಾರ 2023ರಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯುವುದಾಗಿ ಪ್ರಕಟಿಸಿತು. ಒಳ್ಳೆಯ ಮಾತು. ಹಳ್ಳಿಯಲ್ಲಿ ಮಣ್ಣು ಹೊರುವ ತಾಯಿಯ ಕೂಸಿಗೆ ಮನೆ ಬೇಕೆಂದು ಒಪ್ಪಿದ ಸರ್ಕಾರಕ್ಕೆ ಲಗ್ಗೆರೆಯಲ್ಲಿ, ಮೂಡಲಪಾಳ್ಯದಲ್ಲಿ ಬತ್ತಿ ಹೊಸೆಯುವ ತಾಯಿ ಏಕೆ ಕಾಣುವುದಿಲ್ಲ?

ಹಾಗಾದರೆ ಕುರ್ಚಿ ಕೊಳ್ಳಬೇಕೆ ಬೇಡವೆ? ಸುತ್ತುಬಳಸಿನ ಮಾತು ಬೇಡ. ಸಾಲ ಮಾಡಿ, ಕಂತು ಕಟ್ಟಿ ಕೊಳ್ಳಬೇಡಿ. ಕೂಸಿಗೆ ಅದು ಉಪಯೋಗಕ್ಕೆ ಬರುವುದು ಕತ್ತು ನಿಂತಾಗಿನಿಂದ ನಡೆಯಲು ತೊಡಗುವವರೆಗೆ, ಹೆಚ್ಚೆಂದರೆ ಏಳೆಂಟು ತಿಂಗಳು. ಕೂಸು ಇಳಿದು ಓಡಾಡಿದಮೇಲೂ ಕಂತು ಉಳಿದಿರುತ್ತದೆ. ನೆಂಟರು ಕೊಟ್ಟರೆ, ಅಥವಾ ವಠಾರದ ನಾಲ್ಕು ಮನೆಯವರು ಕೂಡಿ ಒಂದನ್ನು ತಂದು ಒಂದು ಕೂಸಿನಿಂದ ಇನ್ನೊಂದು ಕೂಸಿಗೆ ದಾಟಿಸಿದರೆ ನಮ್ಮ ಆಕ್ಷೇಪಣೆಯಿಲ್ಲ. ಹಳೆಯದಾದರೆ ಬಟ್ಟೆಯ ಹೊಲಿಗೆ, ಕೊಂಡಿ, ಬಿರುಕು ನೋಡಿ ತನ್ನಿ. ಕತ್ತು ನಿಲ್ಲದ ಕೂಸನ್ನು ಕೂರಿಸಬೇಡಿ. ಒಲೆಯ ಬಳಿ, ಮೆಟ್ಟಿಲ ಬಳಿ, ಮೇಜಿನ ಮೇಲೆ ಇಡಬೇಡಿ. ಅಡಿಗೆಯ ಹೊತ್ತು, ಸ್ನಾನದ ಹೊತ್ತು ಹತ್ತು ಹದಿನೈದು ನಿಮಿಷ ಕೂರಿಸಿ, ಎತ್ತಿಬಿಡಿ. ಉಳಿದ ಹೊತ್ತಿಗೆ ಒಂದು ಚಾಪೆ, ಮೇಲೊಂದು ಕೌದಿ, ಒಂದು ಸ್ಟೀಲ್ ಲೋಟ, ಚನ್ನಪಟ್ಟಣದ ಮರದ ಗಿಲಕಿ, ಪಕ್ಕದಲ್ಲಿ ಒಬ್ಬ ಮನುಷ್ಯ. ಇದಕ್ಕಿಂತ ದೊಡ್ಡ ಪಾಠಶಾಲೆ ಆ ವಯಸ್ಸಿಗೆ ಇಲ್ಲ.

ವ್ಯಾಪಾರಿ ಮಿತ್ರರಿಗೂ ಒಂದು ಮಾತು. 2021ರ ಜನವರಿ 1ರಿಂದ ಆಟಿಕೆಗಳ ಮೇಲೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಗುರುತಿಲ್ಲದ ಸರಕನ್ನು ಅಂಗಡಿಗೆ ಹೊಗಿಸಬೇಡಿ. ಚಕ್ರದ ವಾಕರ್ ಮಾರುವುದನ್ನು ನೀವಾಗಿಯೇ ನಿಲ್ಲಿಸಿ. ನಾಳೆ ಬ್ಯಾಂಡೇಜು ಸುತ್ತಿಕೊಂಡು ಬರುವ ಕೂಸು ನಿಮ್ಮ ಗಿರಾಕಿಯ ಕೂಸೇ.

ಕೊನೆಗೆ ಮಾಡಬೇಕಾದ ಕೆಲಸ. ಪ್ರತಿ ಕಾರ್ಖಾನೆಯಲ್ಲೂ ಆರು ವರ್ಷದೊಳಗಿನ ಮಕ್ಕಳಿರುವ ತಾಯಂದಿರ ಪಟ್ಟಿ ತಯಾರಾಗಲಿ. ಪಟ್ಟಿಯ ಕೆಳಗೆ ತಂದೆಯರೂ ಸಹಿ ಹಾಕಲಿ. ಒಂದು ಪ್ರತಿ ಮಾಲೀಕರಿಗೆ, ಒಂದು ಪ್ರತಿ ಕಾರ್ಮಿಕ ಇಲಾಖೆಗೆ, ಸ್ವೀಕೃತಿಯ ಮುದ್ರೆಯೊಡನೆ ಒಂದು ಪ್ರತಿ ಸಂಘಕ್ಕೆ. ಕೋಣೆ ಎಲ್ಲಿ, ಆಯಾ ಎಷ್ಟು ಮಂದಿ, ಹಾಲು ಯಾರು ಕೊಡುತ್ತಾರೆ, ನಾಲ್ಕು ಸಲ ಹೋಗಿಬರುವ ಹೊತ್ತಿಗೆ ಸಂಬಳ ಮುರಿಯುತ್ತಾರೆಯೆ, ಇವಕ್ಕೆ ಲಿಖಿತ ಉತ್ತರ ಕೇಳಿ. ಊದುಬತ್ತಿಯ ಕೇರಿಗಳಲ್ಲಿ, ಮಾರುಕಟ್ಟೆಯ ಪಕ್ಕದಲ್ಲಿ ನಗರದ ಕೂಸಿನ ಮನೆ ಬೇಕೆಂದು ವಾರ್ಡು ಕಚೇರಿಗೆ ಅರ್ಜಿ ಹೋಗಲಿ. ಐವತ್ತು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಒಂದು ದಿನ ಕಾರ್ಖಾನೆಯ ಗೇಟಿನ ಮುಂದೆ ನಿಂತರೆ, "ಮಕ್ಕಳು ಬರುವುದಿಲ್ಲ" ಎಂಬ ಮಾತು ಅಂದಿಗೆ ಮುಗಿಯುತ್ತದೆ.