ನಡುಗೂದು ಮರ್ಯಾದಿ ಅಲ್ಲ

ಜನವರಿ, ಫೆಬ್ರುವರಿ ಬಂತಂದ್ರ ನಮ್ಮ ಬಳಗದಾಗ ಯಾರರೆ ಒಬ್ಬ ಹುಡುಗಿ ಎಂಬಿಎ ಇಂಟರ್‌ವ್ಯೂಕ್ಕ ದಿಲ್ಲಿಗೆ ಹೊಂಟಿರ್ತಾಳ. ಅಕಿ ಜೋಡಿ ನಮ್ಮ ಉಪದೇಶನೂ ಹೊಂಡ್ತದ: "ಸೀರಿನೇ ಉಟ್ಕೋ, ಲಕ್ಷಣ ಕಾಣಸ್ತೀ. ಮ್ಯಾಲ ಸ್ವೆಟರ್ ಗಿಟರ್ ಹಾಕ್ಕೋಬ್ಯಾಡ, ಸೀರಿ ಅಂದನೇ ಹೋಗ್ತದ."

ವೈನಿ, ಮೌಶಿ, ಕಾಕು, ಸಿಟ್ಟಾಗಬ್ಯಾಡ್ರಿ. ಈ ಉಪದೇಶ ಪೂರಾ ತಪ್ಪದ.

ನಮ್ಮ ಧಾರವಾಡದ ಥಂಡಿ ಮುಂಜಾನಿ ಚಹಾ ಮುಗಿಯೂದ್ರಾಗ ಕರಗ್ತದ. ದಿಲ್ಲಿದು ಹಂಗಲ್ಲ. ಜನವರಿಯೊಳಗ ರಾತ್ರಿ 7-8 ಡಿಗ್ರಿ, ಕೆಲವು ದಿನ 4ಕ್ಕೂ ಇಳೀತದ. ಮಂಜು ಕವಿದ ದಿನ ಮಧ್ಯಾಹ್ನ ಆದ್ರೂ ಬಿಸಿಲು ಕಾಣೂದಿಲ್ಲ. ಗೋಡಿ, ಫರಸಿ ಎಲ್ಲಾ ತಣ್ಣಗ ಕೊರೀತಿರ್ತಾವ. ಅಂಥಾದ್ರಾಗ ಕಾಗದಪತ್ರ ತೋರಿಸಿ, ಸರದಿ ಬರೋತನಕ ತಾಸುಗಟ್ಟಲೆ ಕೂಡಬೇಕು.

ಈಗ ಒಂದು ಲೆಕ್ಕ ಹಾಕ್ರಿ. ಗಂಡು ಹುಡುಗನ ಫಾರ್ಮಲ್ ಅಂದ್ರ ಬನಿಯನ್ನು, ತುಂಬುತೋಳಿನ ಅಂಗಿ, ಕೊರಳಿಗೆ ಟೈ, ಮ್ಯಾಲ ಕೋಟು, ಕಾಲಿಗೆ ಸಾಕ್ಸು, ಬೂಟು. ಅದು ಥಂಡಿ ದೇಶದವರು ಹೊಲಿಸಿಕೊಂಡ ಉಡುಪೇ. ಹೆಣ್ಣು ಹುಡುಗಿ ಫಾರ್ಮಲ್ ಅಂದ್ರ ಅರ್ಧ ತೋಳಿನ ಜಂಪರು, ತೆರೆದ ನಡು, ತೆಳ್ಳನ ಸೀರಿ, ಬೆರಳು ಕಾಣೂ ಚಪ್ಪಲಿ. ಇಬ್ಬರಿಗೂ ಅದೇ ಖೋಲಿ, ಅವೇ ಪ್ರಶ್ನೆ. ಅಂವ ಬೆಚ್ಚಗ ಕೂತು ಉತ್ತರ ಹೇಳ್ತಾನ, ಇಕಿ ಹಲ್ಲು ಕಡಕೊಂಡು ಹೇಳ್ತಾಳ.

ಥಂಡಿ ಹತ್ತಿದ್ರ ಬೆರಳು ಮರಗಟ್ತಾವ, ದವಡಿ ಬಿಗೀತದ, ದನಿ ನಡುಗ್ತದ. ಎದುರು ಕೂತವರಿಗೆ ಅದು ಥಂಡಿ ಅಂತ ಹ್ಯಾಂಗ ತಿಳೀಬೇಕು? "ಹುಡುಗಿ ಅಂಜಬುರುಕಿ" ಅಂತ ತಿಳೀತಾರ. ವರ್ಷಗಟ್ಟಲೆ ಓದಿದ್ದು ನಮ್ಮ 'ಲಕ್ಷಣ'ದ ಸಲುವಾಗಿ ನೀರಾಗ ಹೋಮ.

"ಸ್ವೆಟರ್ ಹಾಕಿದ್ರ ಮನಿಯಾಗ ಕೂತಂಗ ಕಾಣಸ್ತದ" ಅಂತೀರಿ. ಜೋತುಬಿದ್ದ ಹಳೇ ಸ್ವೆಟರ್ ಹಂಗ ಕಾಣೂದು ಖರೇ. ಅದಕ್ಕ ಉಪಾಯ ಚಲೋದು ಹಾಕೂದು, ಬರೇ ಮೈಲೆ ಹೋಗೂದಲ್ಲ. ಉತ್ತರದ ಹೆಣ್ಮಕ್ಕಳು ಚಳಿಗಾಲಕ್ಕ ಉಣ್ಣಿ ಜಂಪರ್ ತೊಡ್ತಾರ, ಸೀರಿ ಮ್ಯಾಲ ಕೋಟು ಹಾಕ್ತಾರ. ಇಂದಿರಾ ಗಾಂಧಿ ಥಂಡಿ ದೇಶಕ್ಕ ಹೋದಾಗಿನ ಫೋಟೊ ನೋಡ್ರಿ, ಸೀರಿ ಮ್ಯಾಲ ಉದ್ದನ ಕೋಟು. ಅವರ ಗತ್ತಿಗೆ ಏನರೆ ಕಡಿಮಿ ಆತೇನು?

ಮಾಡೂದಿಷ್ಟೇ. ಮೈಗಂಟಿ ಕೂಡೂ ತೆಳ್ಳನ ಥರ್ಮಲ್ ಮ್ಯಾಲೊಂದು, ಕೆಳಗೊಂದು. ಒಂದು ದಪ್ಪ ಬಟ್ಟಿಗಿಂತ ಎರಡು ತೆಳ್ಳನವು ಬೆಚ್ಚಗ, ಯಾಕಂದ್ರ ನಡುವಿನ ಗಾಳಿ ಕಾವು ಹಿಡೀತದ. ಅದರ ಮ್ಯಾಲ ತುಂಬುತೋಳಿನ ಜಂಪರು, ಸೀರಿ, ಅಳತಿಗೆ ಸರಿಯಾಗಿ ಹೊಲಿಸಿದ ಕಪ್ಪು ಇಲ್ಲಾ ನೀಲಿ ಬ್ಲೇಜರ್. ಸಲವಾರ್ ಕಮೀಜ್ ಇಲ್ಲಾ ಪ್ಯಾಂಟು-ಶರ್ಟಿನ ಮ್ಯಾಲೂ ಅದೇ ಬ್ಲೇಜರ್ ನಡೀತದ. ಕಾಲಿಗೆ ಸಾಕ್ಸು, ಮುಚ್ಚಿದ ಬೂಟು. ಶಾಲು, ದಪ್ಪ ಜಾಕೀಟು ಸರದಿ ಬರೋತನಕ ಹೊದಕೊಂಡು, ಒಳಗ ಹೋಗೂ ಮುಂದ ತಗದಿಟ್ರಾತು.

ಸೀರಿಗೆ ಐದು ಸಾವಿರ ಎಣಿಸೂ ಕೈ ಥರ್ಮಲ್ಲಿಗೆ ಯಾಕ ಹಿಂದ ಸರೀತದ? ಸೀರಿ ನಾಲ್ಕು ಮಂದಿಗೆ ಕಾಣಸ್ತದ, ಥರ್ಮಲ್ ಕಾಣೂದಿಲ್ಲ, ಅದಕ್ಕ. ಮುಂದಿನ ಸಲ ಹುಡುಗಿ ಹೊಂಟಾಗ ಮೊದಲ ಥರ್ಮಲ್ ಕೊಡಸ್ರಿ, ಬ್ಲೇಜರಿಗೆ ಅಳತಿ ಕೊಡಸ್ರಿ. ರೊಕ್ಕ ಉಳದ್ರ ಸೀರಿ.