ಅಳತಿ ಇಲ್ಲದ ಫೋಟೊ ಸಾಕ್ಷಿ ಅಲ್ಲ



"ವೀರಗಲ್ಲಿನ ಫೋಟೊ ನಮ್ಮ ಮೊಬೈಲದಾಗ ಅದಾವ, ಇನ್ನ ಚಿಂತಿ ಯಾಕ?" ಅಂತ ಊರಾಗ ಬಾಳ ಮಂದಿ ಅಂತಾರ. ಆ ಮಾತು ಖರೆ ಅಲ್ಲ ಅಂತ ಹೇಳಾಕ ನಾನು ಇದನ್ನ ಬರೀತೇನಿ. ನಾನು ಏಳನೇತ್ತಾ ಕಲಿತವ, ಜ್ವಾಳಾ ಬೆಳಿಯವ, ಡೊಳ್ಳಿನ ಪದಾ ಹಾಡವ. ಆದ್ರ ಅಳತಿ ಅಂದ್ರ ಏನು ಅಂತ ರೈತಗ ಯಾರೂ ಕಲಿಸಬೇಕಾಗಿಲ್ಲ. ಮೋಜಣಿ ಮಾಡದ ನಕಾಶಿ ಹಿಡಕೊಂಡು ಬಾಂದಿನ ಜಗಳಾ ಯಾರರೆ ಮುಗಿಸ್ಯಾರೇನು?

ನಮ್ಮ ಜತ್ತ ತಾಲೂಕಿನಂಥ ಗಡಿ ಸೀಮಿಯೊಳಗ ಕನ್ನಡ ಬರಿಯವರು, ಓದವರು ಹಿಂದಿನಿಂದ ಇದ್ರು ಅನ್ನೂದಕ್ಕ ಈ ಕಲ್ಲಿನಷ್ಟು ಗಟ್ಟಿ ಸಾಕ್ಷಿ ಮತ್ತೊಂದಿಲ್ಲ. ಅಂಥಾದ್ದೊಂದು ಕಲ್ಲು ರಸ್ತಾ ಅಗಲ ಮಾಡುವಾಗ ಮಣ್ಣ ಅಗಿಯೂ ಯಂತ್ರಕ್ಕ ಸಿಕ್ಕು ಎರಡು ಹೋಳಾತು. ಅಕ್ಷರ ಇದ್ದ ಹೋಳು ಮುರುಮಿನ ಕೂಡ ರಸ್ತಾದ ತಳಕ್ಕ ಹೋತು. ಕೇಳಾಕ ಹೋದವರಿಗೆ "ಕಲ್ಲ ಅಲ್ಲೇನು, ಬಿಡ್ರಿ" ಅಂದ್ರು. ಆಮ್ಯಾಲೆ ಊರಿನವರ ಮೊಬೈಲದಾಗಿನ ಫೋಟೊ ಎಲ್ಲಾ ಕೂಡಿಸಿದಿವಿ. ಒಂದರಾಗ ಮದುಮಗ ಕಲ್ಲಿಗೆ ಅಡ್ಡ ನಿಂತಾನ, ಒಂದರಾಗ ಜಾತ್ರಿ ಭಂಡಾರದಾಗ ಕಲ್ಲೇ ಮುಚ್ಚೈತಿ. ಉಳಿದವು ಎಲ್ಲಾ ಮುಂದ ನಿಂತು ತಗದವು. ಕಲ್ಲಿನ ಬದಿ, ಬೆನ್ನು ಒಂದರಾಗೂ ಇಲ್ಲ. ಇಷ್ಟು ಫೋಟೊ ಇದ್ದೂ ಆ ಕಲ್ಲಿನ ಮಾದರಿ ಮಾಡಾಕ ಆಗಲಿಲ್ಲ.

ಮಾದರಿ ಅಂದ್ರ ಬೊಂಬಿ ಅಲ್ಲ. ಫೋಟೊದಿಂದ ಕಂಪ್ಯೂಟರದಾಗ ಕಲ್ಲಿನ ಉದ್ದ, ಅಗಲ, ದಪ್ಪ, ಅಕ್ಷರದ ಆಳ ಎಲ್ಲಾ ಹಿಡಿದು, ಬೇಕಾದಾಗ ಮಷೀನಿನಿಂದ ಅದನ್ನ ಮತ್ತ ಅಚ್ಚು ತಗಿಯೂದು. ಫೋಟೊದಿಂದ ಅಳಿಯೂ ವಿದ್ಯಾ ಹಳೇದು. ಜರ್ಮನಿಯ ಆಲ್ಬ್ರೆಕ್ಟ್ ಮೈಡೆನ್‌ಬಾವರ್ 1858ರಾಗ ವೆಟ್ಸ್‌ಲಾರ್ ಊರಿನ ದೊಡ್ಡ ಚರ್ಚನ್ನ ಹತ್ತಿ ಅಳಿಯುವಾಗ ಇನ್ನೇನು ಮ್ಯಾಲಿಂದ ಬೀಳವ ಇದ್ದ, ಸ್ವಲ್ಪದಾಗ ಉಳಕೊಂಡ. ಗ್ವಾಡಿ ಹತ್ತೂ ಬದಲಿ ಫೋಟೊದ ಮ್ಯಾಲೆ ಯಾಕ ಅಳಿಯಬಾರದು ಅಂತ ಅವಗ ಹೊಳೀತು. ಮುಂದ ಇದಾ ಒಂದು ಶಾಸ್ತ್ರ ಆತು.

ಅದರ ಗುಟ್ಟು ತಿಳೀಬೇಕಾದ್ರ ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡ್ರಿ. ದೂರ ಎಷ್ಟು ಅಂತ ಗೊತ್ತಾಗಾಕ ಎರಡು ಕಣ್ಣು ಬೇಕು. ಹಂಗ, ಕಲ್ಲಿನ ಮ್ಯಾಲಿನ ಒಂದು ಗುರುತು ಬೇರೆ ಬೇರೆ ಜಾಗಾದಿಂದ ತಗದ ಫೋಟೊದಾಗ ಕಂಡ್ರ ಅದು ಎಲ್ಲೈತಿ ಅಂತ ಕಂಪ್ಯೂಟರ ಲೆಕ್ಕ ಹಾಕತೈತಿ. ಅದಕ್ಕ ಒಂದು ಫೋಟೊದಾಗ ಕಂಡದ್ದರ ಮುಕ್ಕಾಲು ಭಾಗ ಮುಂದಿನ ಫೋಟೊದಾಗೂ ಇರಬೇಕು. ಕೆಳಗೊಂದು, ನಡುವೊಂದು, ಮ್ಯಾಲೊಂದು ಸುತ್ತು ಹೊಡಿಬೇಕು. ಜೂಮ್ ಮಾಡಬಾರದು, ಫ್ಲಾಶ್ ಹಾಕಬಾರದು. ಎಣ್ಣಿ ಹಚ್ಚಿದ ಕಲ್ಲು ಹೊಳೀತೈತಿ, ಆ ಹೊಳಪು ನಾವು ಸರಿದಂಗ ತಾನೂ ಸರಿದು ಲೆಕ್ಕ ಕೆಡಸತೈತಿ. ಪೂಜಿ ಬ್ಯಾಡ ಅನ್ನೂದಿಲ್ಲ, ಎಣ್ಣಿ ಆರಿದ ಮ್ಯಾಲೆ ಫೋಟೊ ತಗೀರಿ ಅಂತೇನಿ.

ಇಷ್ಟು ಮಾಡಿದ್ರೂ ಮುಖ್ಯ ಸಂಗತಿ ಉಳೀತು. ಬರೇ ಫೋಟೊ ಆಕಾರ ಹೇಳತಾವ, ಗಾತ್ರ ಹೇಳೂದಿಲ್ಲ. ಬೆರಳುದ್ದದ ಕಲ್ಲೋ ಆಳೆತ್ತರದ ಕಲ್ಲೋ, ಕಂಪ್ಯೂಟರಿಗೆ ಎರಡೂ ಒಂದಾ. ಅದಕ್ಕ ಕಲ್ಲಿನ ಬಾಜು ಅಳತಿ ಪಟ್ಟಿ ಇಟ್ಟು ಫೋಟೊ ತಗೀಬೇಕು. ಒಂದಲ್ಲ, ಎರಡು ಪಟ್ಟಿ. ಒಂದರಿಂದ ಗಾತ್ರ ಕೂಡಿಸೂದು, ಇನ್ನೊಂದರಿಂದ ತಾಳೆ ನೋಡಿ ತಪ್ಪು ಹಿಡಿಯೂದು. ನಾನು ಹಾಡವ, ನನ್ನ ಲೆಕ್ಕದಾಗ ಪದಾ ಬರಕೊಂಡ್ರ ಧಾಟಿ ಹೆಂಗ ಬರೂದಿಲ್ಲೋ, ಫೋಟೊ ಹೊಡಕೊಂಡ್ರ ಅಳತಿ ಹಂಗ ಬರೂದಿಲ್ಲ.

ಇನ್ನ ಅಚ್ಚಿನ ಮಾತು. ಗ್ಯಾದರಿಂಗದಾಗ ಹಂಚಾಕ ಅಂಗೈಯಷ್ಟು ಪ್ಲಾಸ್ಟಿಕ್ ವೀರಗಲ್ಲು ಮಾಡಿಸಿ "ಕಲ್ಲು ಉಳಿಸಿದಿವಿ" ಅನ್ನವರಿಗೆ ಒಂದು ಲೆಕ್ಕ ಕೇಳತೇನಿ. 5 ಫೂಟಿನ ಕಲ್ಲನ್ನ ಹತ್ತು ಪಟ್ಟು ಸಣ್ಣ ಮಾಡಿದ್ರ 6 ಇಂಚು ಆಗತೈತಿ. ಕಲ್ಲಿನ ಮ್ಯಾಲೆ 2 ಮಿಲಿಮೀಟರ್ ಆಳದ ಅಕ್ಷರ ಅಲ್ಲಿ 0.2 ಮಿಲಿಮೀಟರ್ ಆತು. ಸಾದಾ ಮಷೀನಿನ ಮೂತಿಯ ತೂತಾ 0.4 ಮಿಲಿಮೀಟರ್ ಇರತೈತಿ. ಆ ಅಕ್ಷರ ಎಲ್ಲಿಂದ ಮೂಡಬೇಕು? ಕುದುರಿ ಕಾಣತೈತಿ, ವೀರ ಕಾಣತಾನ, ಕನ್ನಡ ಅಳಿಸಿ ಹೋಗತೈತಿ. ಅಕ್ಷರದ ಭಾಗ ಇದ್ದ ಗಾತ್ರಕ್ಕ ತುಂಡು ತುಂಡಾಗಿ ಅಚ್ಚು ತಗದು ಸಾಲಿಯೊಳಗ ಇಡ್ರಿ, ಹುಡುಗೂರು ಬೆರಳಾಡಿಸಿ ಓದಲಿ.

ಇನ್ನೊಂದು ಮೋಸ ಐತಿ. ಅಚ್ಚು ತಗಿಯೂ ಮಾದರಿಗೆ ತೂತು ಇರಬಾರದು, ಮೈ ಪೂರ್ತಿ ಮುಚ್ಚಿರಬೇಕು. ಫೋಟೊದಾಗ ಕಾಣದ ಜಾಗಾನ ಕಂಪ್ಯೂಟರ ತನ್ನ ಅಂದಾಜಿಲೆ ತುಂಬಿ ನುಣ್ಣಗ ಮಾಡತೈತಿ. ಅಚ್ಚಾದ ಮ್ಯಾಲೆ ಕಂಡದ್ದು ಯಾವುದು, ಕಟ್ಟಿದ್ದು ಯಾವುದು ಯಾರಿಗೂ ತಿಳಿಯೂದಿಲ್ಲ. ಅಂದಾಜು ತುಂಬಿದ ಜಾಗಾಕ್ಕ ಬೇರೆ ಬಣ್ಣ ಹಚ್ಚ್ರಿ. ಅಷ್ಟು ಪ್ರಾಮಾಣಿಕತೆ ಇರಲಿ.

ನಾನು ಅತಿ ಮಾಡತೇನಿ ಅನ್ನವರು ಅಫಗಾನಿಸ್ತಾನದ ಬಾಮಿಯಾನ್ ನೆನಸ್ರಿ. 50 ಮೀಟರಿಗಿಂತ ಎತ್ತರದ ಬುದ್ಧನ ಮೂರ್ತಿಯನ್ನ 2001ರ ಮಾರ್ಚದಾಗ ಸಿಡಿಸಿದ್ರು. ಜೂರಿಚ್ ನಗರದ ವಿದ್ವಾಂಸರು ಅದನ್ನ ಕಂಪ್ಯೂಟರದಾಗ ಮತ್ತ ನಿಲ್ಲಿಸಾಕ ಕುಂತಾಗ ಪ್ರವಾಸಿಗರ ಫೋಟೊನೂ ನೋಡಿದ್ರು, ಇಂಟರ್ನೆಟ್ ಫೋಟೊನೂ ನೋಡಿದ್ರು. ಚೊಲೊ ಕೆಲಸಕ್ಕ ಬಂದದ್ದು ಆಸ್ಟ್ರಿಯಾದ ಒಬ್ಬ ಪ್ರಾಧ್ಯಾಪಕರು 1970ರಾಗ ಅಳತಿ ಕ್ಯಾಮರಾದಿಂದ ತಗದ ಫೋಟೊ. ಅವುಗಳ ಮ್ಯಾಲೆನೂ ಬುದ್ಧನ ಬಟ್ಟಿಯ ನೆರಿಗಿ ಹಿಡಿಯಾಕ ಮನಷ್ಯಾರ ಕೈಲೆ ಒಂದೊಂದ ಬಿಂದು ಗುರುತು ಮಾಡಬೇಕಾತು. ಅದರಿಂದ 200 ಪಟ್ಟು ಸಣ್ಣ ಮಾದರಿಯನ್ನ ಮಷೀನದಾಗ ಕೆತ್ತಿದ್ರು. 30 ವರ್ಷ ಮೊದಲು ಅಳತಿ ಇಟ್ಟ ಮನಷ್ಯಾಗ ಈ ಕಂಪ್ಯೂಟರ ಗೊತ್ತಿರಲಿಲ್ಲ. ಆದ್ರೂ ಅವನ ಕೆಲಸ ಉಳೀತು.

ಅದಕ್ಕ ಮಾದರಿ ಅಷ್ಟಾ ಅಲ್ಲ, ಮೂಲ ಫೋಟೊನೂ ಜೋಪಾನ ಮಾಡ್ರಿ. ವಾಟ್ಸಾಪಿನಾಗ ಹಾದು ಬಂದದ್ದು ನಡಿಯೂದಿಲ್ಲ, ಅದು ಫೋಟೊ ಕುಗ್ಗಿಸಿ ಕಳಸತೈತಿ. ಒಂದು ಪ್ರತಿ ವಾಚನಾಲಯದಾಗ, ಒಂದು ಸಾಲಿಯೊಳಗ ಇರಲಿ.

"ಮಾದರಿ ಆದ ಮ್ಯಾಲೆ ಕಲ್ಲು ಕಿತ್ತು ಬದಿಗಿಟ್ರ ಏನ ತಪ್ಪು?" ಅಂತ ಕೇಳವರೂ ಅದಾರ. ಕಲ್ಲು ಯಾವ ದಿಕ್ಕಿಗೆ ಮುಖಾ ಮಾಡಿತ್ತು, ಯಾವ ಕೆರಿ, ಯಾವ ದಾರಿ ಕಾಯತಿತ್ತು ಅನ್ನೂದು ಪ್ಲಾಸ್ಟಿಕಿನಾಗ ಬರೂದಿಲ್ಲ. ಮಾದರಿ ಇರೂದು ಕಲ್ಲು ಕೀಳಾಕ ಪರವಾನಗಿ ಅಲ್ಲ.

ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಅಲ್ಲಿನ ಶಾಸನಗಳನ್ನ ಸ್ಕ್ಯಾನರ್ ಹಚ್ಚಿ ಹಿಂಗ ಹಿಡಿದಿಡಾಕತ್ತಾರ. ಗಡಿ ಆಚಿನ ಊರಿಗೆ ಅಂಥಾವರು ಬರಲಿ ಅಂತ ಕಾಯಕೋತ ಕುಂತ್ರ ಕಲ್ಲು ಕಾಯೂದಿಲ್ಲ. ಒಂದು ಚೊಲೊ ಮೊಬೈಲು, ಎರಡು ಉಕ್ಕಿನ ಪಟ್ಟಿ, ಒಂದು ನೋಟಬುಕ್ಕು ಸಾಕು. ಮಾಸ್ತರ ಮಂದಿ ಎಂಟನೇತ್ತಾ, ಒಂಬತ್ತನೇತ್ತಾ ಹುಡುಗೂರನ್ನ ಕರಕೊಂಡು ಬರ್ರಿ. ಬಿಸಿಲು ನೆರಳು ಬಿದ್ರ ಫೋಟೊ ಕೆಡತೈತಿ, ಮೋಡ ಮುಚ್ಚಿದ ದಿನಾ ಇದಕ್ಕ ಚೊಲೊ. ಮೃಗಶಿರಾ ಮೋಡ ಕಟ್ಟಿತು ಅಂದ್ರ ಬಿತ್ತಾಕ ಹೋಗೂ ಮೊದಲು ಒಂದು ಮುಂಜಾನಿ ಕಲ್ಲಿಗೆ ಕೊಡ್ರಿ. ಪಟ್ಟಿ ಹಿಡಿಯಾಕ ನಾ ಬರತೇನಿ.