ಎಳೆಗೂಸಿನ ಉಸಿರೂ ನಮ್ಮ ವ್ರತವೂ

ಹೊಸಪೇಟೆಯಲ್ಲಿ ನಡೆದ ಸಮಾಜದ ಸಭೆಯೊಂದರಲ್ಲಿ ಹಿರಿಯರೊಬ್ಬರು, ಪ್ರಾಣಿಯ ಶ್ವಾಸಕೋಶದಿಂದ ತೆಗೆದ ಔಷಧವನ್ನು ಶ್ರಾವಕರ ಮಗುವಿಗೆ ಕೊಡಿಸುವುದು ವ್ರತಭಂಗವೆಂದು ಖಂಡಿಸಿದರು. ಸಭೆ ತಲೆದೂಗಿತು. ನಾನು ಒಪ್ಪಲಾರೆ.

ಸಂಗತಿಯನ್ನು ಮೊದಲು ತಿಳಿಯಬೇಕು. ತಿಂಗಳು ತುಂಬದೆ, ವಿಶೇಷವಾಗಿ 34 ವಾರಗಳಿಗೆ ಮುಂಚೆ, ಹುಟ್ಟಿದ ಮಗುವಿನ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದಾರ್ಥ ಸಾಲದಿರುವುದುಂಟು. ಆಗ ಗಾಳಿಚೀಲಗಳು ಪ್ರತಿ ನಿಶ್ವಾಸಕ್ಕೂ ಮುದುಡಿಕೊಳ್ಳುತ್ತವೆ. 1980ರಲ್ಲಿ ಜಪಾನಿನ ಫುಜಿವಾರಾ, ಹಸುವಿನ ಶ್ವಾಸಕೋಶದಿಂದ ಸಿದ್ಧಪಡಿಸಿದ ಸರ್ಫ್ಯಾಕ್ಟಂಟನ್ನು 10 ಶಿಶುಗಳಿಗೆ ಕೊಟ್ಟು ಗುಣ ಕಂಡರು. ಇಂದಿಗೂ ಬಳಕೆಯಲ್ಲಿರುವುದು ಬಹುಪಾಲು ಹಸು, ಹಂದಿಗಳದೇ. ಅಂಥ ಶಿಶುವಿನ ರಕ್ತನಾಳಕ್ಕಿಟ್ಟ ನಳಿಕೆ ಹೆಪ್ಪುಗಟ್ಟಿ ಮುಚ್ಚದಂತೆ ಬಳಸುವ ಹೆಪಾರಿನ್ ಸಹ ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ಬರುತ್ತದೆ.

ಗೃಹಸ್ಥನು ಬಿಡಬೇಕಾದುದು ಸಂಕಲ್ಪೀ ಹಿಂಸೆ. ಮಗುವನ್ನು ಉಳಿಸಲು ಹಂಬಲಿಸುವ ತಾಯಿಯಲ್ಲಿ ಕೊಲ್ಲುವ ಸಂಕಲ್ಪವೆಲ್ಲಿದೆ? ಎರಡನೆಯ ಹರಿಹರನ ಕಾಲದಲ್ಲಿ ಹಂಪಿಯ ಗಾಣಗಿತ್ತಿ ಬಸದಿಯನ್ನು ಕಟ್ಟಿಸಿದ ಇರುಗಪ್ಪ ದಂಡನಾಯಕ. ಕತ್ತಿ ಹಿಡಿದ ಆತನನ್ನು ನಮ್ಮವನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಬಾಣಂತಿಯ ಮುಂದೆ ಮಾತ್ರ ಮುನಿಗಳ ಮಹಾವ್ರತವನ್ನು ಓದುತ್ತೇವೆ! ವ್ರತ ತೊಟ್ಟವರು ನಾವು, ಆ ಕೂಸಲ್ಲ.

ಹಾಗೆಂದು, "ಔಷಧದ ಮೂಲ ಕೇಳಬಾರದು" ಎನ್ನುವವರ ಪಕ್ಷವೂ ನನ್ನದಲ್ಲ. ಪ್ರಾಣಿಮೂಲದ ಪ್ರಸಾಧನಗಳಿಗೂ ಔಷಧಗಳಿಗೂ ಗುರುತು ಇರಬೇಕೆಂದು ದೆಹಲಿ ಹೈಕೋರ್ಟ್ 2002ರಲ್ಲಿ ಹೇಳಿದಾಗಲೂ ಜೀವರಕ್ಷಕ ಔಷಧಗಳನ್ನು ಹೊರಗಿಟ್ಟಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದುಪಡಿಸಿತು. ಚೀನಾದಿಂದ ಬಂದ ಹೆಪಾರಿನ್‌ನಲ್ಲಿ ಕಲಬೆರಕೆಯಾಗಿ ಅಮೆರಿಕದಲ್ಲಿ ರೋಗಿಗಳು ಸತ್ತ ಸುದ್ದಿ 2008ರಲ್ಲಿ ಹೊರಬಿತ್ತು. ಮೂಲ ಹೇಳದ ಸರಕು ಎಲ್ಲಿಗೆ ಮುಟ್ಟುತ್ತದೆಂಬುದನ್ನು ಅಂಗಡಿಯಲ್ಲಿ ಕುಳಿತ ನಾವು ಬಲ್ಲೆವು.

ಟ್ರಸ್ಟುಗಳು ಮಾಡಬಹುದಾದ ಕೆಲಸ ಬೇರೆಯೇ ಇದೆ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದಾಗ ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಗರ್ಭದಲ್ಲೇ ಬಲಿಯುತ್ತದೆ. ಬೆಲೆ ಅತ್ಯಲ್ಪ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡಿದ್ದ ಐದು ದೇಶಗಳ ಪ್ರಯೋಗದ ಫಲ 2020ರಲ್ಲಿ ಪ್ರಕಟವಾಯಿತು: ನವಜಾತ ಶಿಶುಗಳ ಮರಣ ಶೇ. 23.5ರಿಂದ 19.6ಕ್ಕೆ ಇಳಿದಿತ್ತು. ಆದರೆ ಗರ್ಭದ ವಾರಗಳ ಲೆಕ್ಕ ಖಚಿತವಿರಬೇಕು, ಶಿಶುವಿನ ಆರೈಕೆ ಬಲ್ಲ ಆಸ್ಪತ್ರೆಯಿರಬೇಕು. ಸಂಡೂರಿನ ಗಣಿಯಲ್ಲೋ ಕಂಪ್ಲಿಯ ಗದ್ದೆಯಲ್ಲೋ ದುಡಿಯುವ ಬಡ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲೇ ಸ್ಕ್ಯಾನಿಂಗ್ ಮಾಡಿಸಿ, ನೋವು ಬಂದ ರಾತ್ರಿ ವಾಹನ ಒದಗಿಸಿದರೆ ಎಷ್ಟೋ ಕೂಸುಗಳಿಗೆ ಪ್ರಾಣಿಮೂಲದ ಔಷಧ ಬೇಕಾಗುವುದೇ ಇಲ್ಲ.

ಮುಂದಿನ ಮಹಾವೀರ ಜಯಂತಿಯ ಖರ್ಚಿನ ಪಟ್ಟಿಯಲ್ಲಿ ಈ ಬಾಬನ್ನೂ ಸೇರಿಸಬೇಕೆಂದು ಟ್ರಸ್ಟಿಗೆ ಬರೆದಿದ್ದೇನೆ. ನನ್ನ ಪಾಲಿನ ಹಣ ಕೋಶಾಧ್ಯಕ್ಷರ ಕೈಸೇರಿದೆ; ರಸೀದಿ ಇನ್ನೂ ಬಂದಿಲ್ಲ.